ಜಯವ್ವನ ಫೋನಿನೊಳಗಿನ ಬಿಟ್ಟಿ ಬಿಡಾರ

ಕುಪ್ಪೇಲೂರಿನ ಜಯವ್ವನ ಕೈಗೆ ಗೊತ್ತಿರುವುದು ಕೀಳುವ ಕೆಲಸ. ಬ್ಯಾಡಗಿಯಲ್ಲಿ ಹುಡುಗಿಯಾಗಿದ್ದಾಗ ಮೆಣಸಿನಕಾಯಿಯ ತೊಟ್ಟು ಕಿತ್ತಳು. ಲಗ್ನವಾಗಿ ಈ ಊರಿಗೆ ಬಂದ ಮೇಲೆ, ಇಪ್ಪತ್ಮೂರು ವರ್ಷದಿಂದ, ಬೀಜದ ಕಂಪನಿಯ ಟೊಮ್ಯಾಟೊ ಪ್ಲಾಟಿನಲ್ಲಿ, ಹೈಬ್ರಿಡ್ ಬೀಜಕ್ಕಾಗಿ ಎರಡು ತಳಿಯ ಹೂ ಕೂಡಿಸುವ ಕ್ರಾಸಿಂಗ್ ಕೆಲಸ. ನಾಳೆ ಅರಳುವ ಮೊಗ್ಗನ್ನು ಇವತ್ತೇ ಬಿಡಿಸಿ ಒಳಗಿನ ಗಂಡು ಕೇಸರವನ್ನು ಚಿಮಟಿಗೆಯಿಂದ ಕೀಳಬೇಕು; ಹೆಣ್ಣು ಭಾಗಕ್ಕೆ ಗೀರೂ ಬೀಳಬಾರದು. ಗಂಡು ಒಂದು ಚೂರು ಉಳಿದರೂ ಆ ಕಾಯಿಯ ಬೀಜ ಕೆಟ್ಟಿತು. ಬೀಜದ ಪೊಟ್ಟಣದ ಮೇಲೆ ಕೆಂಪು ಹಣ್ಣಿನ ಚಿತ್ರ ಹಾಕುತ್ತಾರೆ. ಜಯವ್ವನ ಬೆರಳಿನ ಚಿತ್ರ ಹಾಕುವುದಿಲ್ಲ.

ಈ ಸಲದ ಜಗಳ ಎಣ್ಣಿಯದು. ಊರಲ್ಲಿ ಕೀಟನಾಶಕಕ್ಕೆ ಅದೇ ಹೆಸರು. ಪ್ಲಾಟಿನ ಉಸ್ತುವಾರಿ ಮಾಲತೇಶಪ್ಪ, ಹೆಂಗಸರು ಸಾಲಿನಲ್ಲಿ ಕೆಲಸ ಮಾಡುತ್ತಿರುವಾಗಲೇ ಪ್ಲಾಟಿಗೆ ಹೊದಿಸಿದ ಬಲೆಯ ನೆಟ್ಟಿನೊಳಗೆ ಎಣ್ಣಿ ಹೊಡೆಸುತ್ತಿದ್ದ. ಹೊರಗೆ ಕಳಿಸಿದರೆ ಮೊಗ್ಗು ಅರಳಿ ಹೋಗುತ್ತವಂತೆ. ಜಯವ್ವನ ಪಕ್ಕದ ಸಾಲಿನ ಶಿಲ್ಪಾ ವಾಂತಿ ಮಾಡಿಕೊಂಡು ಬಿದ್ದಳು.

"ಮುಂಜಾನಿ ಏನೂ ತಿಂದಿರಲಿಕ್ಕಿಲ್ಲ," ಎಂದ ಮಾಲತೇಶಪ್ಪ, ಮೂಗಿಗೆ ಕರ್ಚೀಫು ಹಿಡಿದುಕೊಂಡು.

ಜಯವ್ವ ಹಾವೇರಿಗೆ ಹೋಗಿ ಕಾರ್ಮಿಕ ಕಚೇರಿಗೆ ಅರ್ಜಿ ಕೊಟ್ಟಳು. ಶನಿವಾರ ವಿಚಾರಣೆ ಎಂದರು. ಅಲ್ಲಿ ಮಾಲತೇಶಪ್ಪ ಏನು ಹೇಳುತ್ತಾನೆಂದು ಅವಳಿಗೆ ಗೊತ್ತಿತ್ತು: ಹೊಡೆದೇ ಇಲ್ಲ. ಅದಕ್ಕೇ ಸೋಮವಾರ ಎಣ್ಣಿ ಹೊಡೆಯುವಾಗ ಫೋನು ಎತ್ತಿ ವಿಡಿಯೋ ಹಿಡಿದಳು. ಒಂಬತ್ತೇ ಸೆಕೆಂಡಿಗೆ, ಜಾಗ ಇಲ್ಲ ಎಂದು ಫೋನು ಕೈಚೆಲ್ಲಿತು. ಸಿಕ್ಕಿದ್ದು ಯಾರದೋ ಬೆನ್ನು. ಶನಿವಾರದೊಳಗೆ ಎಣ್ಣಿ ಹೊಡೆಯುವ ದಿನ ಇನ್ನೊಂದೇ ಇತ್ತು, ಗುರುವಾರ.

ಮಂಗಳವಾರ ಒಂದು ದಿನದ ಕೆಲಸ ಬಿಟ್ಟು ರಾಣೆಬೆನ್ನೂರಿನ ಬಸ್ಸು ಹತ್ತಿದಳು. ಅವಳಿಗೆ ಫೋನು ಮಾರಿದ್ದ ಕೊಟ್ರೇಶನ ಅಂಗಡಿ ಮೇಡ್ಲೇರಿ ರಸ್ತೆಯಲ್ಲಿ.

"ಈ ಧರಣಿ ವಿಡಿಯೋ ಎಲ್ಲಾ ಅಳಸಿಬಿಡೂಣ್ರಿ ಯವ್ವಾ. ಇವನ್ನ ಯಾರ ನೋಡ್ತಾರ?" ಎಂದ ಕೊಟ್ರೇಶ, ಅವಳ ಫೋನಿನಲ್ಲಿ ಜಾಗ ಹುಡುಕುತ್ತ.

"ನೋಡಾಕಲ್ಲೋ ತಮ್ಮಾ. ಸಾಹೇಬ್ರು ಕೊಟ್ಟ ಮಾತು ಅದಾವು ಅದ್ರಾಗ. ಈ ಬಣ್ಣಬಣ್ಣದ್ವು ಯಾವು? ನಾ ಹಾಕಿಲ್ಲ."

"ಆ ಆ್ಯಪ್ ಅಳಸಾಕ ಬರಂಗಿಲ್ರಿ. ಫೋನಿನ ಜೊತೀಗೇ ಬಂದಾವು."

"ಅಂದ್ರ ನನ್ನ ಸಾಮಾನ ಹೊರಗ ಒಗದು, ಅವರ ಸಾಮಾನ ಕಾಯ್ಕೋತ ಕುಂದ್ರಬೇಕು."

"ಹೊಸಾದ ತಗೋರಿ. ಜಾಗ ಭಾಳ ಇರತೈತಿ."

"ಹೊಸಾದ್ರಾಗ ಇವು ಇರಂಗಿಲ್ಲೇನು?"

ಕೊಟ್ರೇಶ ಗಾಜು ಒರೆಸತೊಡಗಿದ.

ಒಂದೊಂದು ಆ್ಯಪಿನಲ್ಲಿ ಒಬ್ಬೊಬ್ಬ: ಇಸ್ಪೀಟು ಆಡಿಸುವವನು, ಸಾಲ ಕೊಡುವವನು, ಸೀರೆ ಮಾರುವವನು, ಸುದ್ದಿಯ ಹೆಸರಲ್ಲಿ ಹೊಲಸು ಬಡಿಸುವವನು. ಬೆವರು ಸುರಿಸಿ ಫೋನು ಕೊಂಡವಳು ಇವಳು. ಕೇಳದೆ ಒಳಹೊಕ್ಕು ಕಾಲು ಚಾಚಿದವರು ಅವರು. ತಿಂದು ತಿಂದು ಮೈ ಬೆಳೆಸಿಕೊಂಡು, ಕೊನೆಗೆ ಮನೆಯವಳಿಗೇ ಜಾಗವಿಲ್ಲ ಎನ್ನುವ ಜಾತಿ. ಅಂಥವರನ್ನು ಜಯವ್ವ ಬದುಕಿನುದ್ದಕ್ಕೂ ನೋಡಿದ್ದಳು, ಅವರಿಗೆ ಕೈಕಾಲು ಇದ್ದವು, ಅಷ್ಟೇ ಫರಕು.

ಅವಳು ಅಂಗಡಿಯ ಮೆಟ್ಟಿಲ ಮೇಲೆ ಕುಂತಳು. ತಾಲ್ಲೂಕು ಕಚೇರಿಯ ಮುಂದೆ ಹದಿನೇಳು ದಿನ ಧರಣಿ ಕುಂತವಳಿಗೆ ಇದು ದೊಡ್ಡದಲ್ಲ. ದೇವರಗುಡ್ಡದ ಮೈಲಾರೆಪ್ಪ ಎಂಬಾತ ಮಗಳಿಗೆಂದು ಫೋನು ನೋಡಲು ಬಂದ.

"ಅಣ್ಣಾರ, ಒಳಗ ಎಷ್ಟ ಮಂದಿ ಕುಂತಾರ ಕೇಳಿ ತಗೋರಿ," ಎಂದಳು. "ಒಬ್ಬ ಸಾಲ ಕೊಡಾಂವ, ಒಬ್ಬ ಇಸ್ಪೀಟ ಆಡಸಾಂವ. ಮಗಳ ಕೈಯಾಗ ಕೊಡಾವ್ರು ನೀವು."

ಮೈಲಾರೆಪ್ಪ ಡಬ್ಬಿಯನ್ನು ಕೆಳಗಿಟ್ಟ. "ವಿಚಾರ ಮಾಡಿ ಬರತೇನಿ."

ಎರಡನೆಯವನೂ ಹೋದ. ಮೂರನೆಯವಳು ಒಳಗೇ ಬರಲಿಲ್ಲ. ಜಯವ್ವನ ಪಕ್ಕ ಕುಂತು ತನ್ನ ಫೋನು ತೆಗೆದು ತೋರಿಸತೊಡಗಿದಳು.

"ಏನಬೇಕ್ರಿ ನಿಮಗ?" ಎಂದ ಕೊಟ್ರೇಶ.

"ಕೀಳಬೇಕು."

"ಬರಂಗಿಲ್ಲ ಅಂದ್ನೆಲ್ರಿ."

"ಬರಂಗಿಲ್ಲೋ, ಮನಸಿಲ್ಲೋ?"

ಕೊಟ್ರೇಶ ಖಾನೆಯಿಂದ ಕೇಬಲ್ ತೆಗೆದ. "ಕಂಪ್ಯೂಟರಿಗೆ ಹಚ್ಚಿ ತಗೀಬೇಕು. ಬುಡ ಉಳೀತೈತಿ, ಮ್ಯಾಲಿಂದಷ್ಟ ಹೋಗತೈತಿ. ಅಪ್‌ಡೇಟ್ ಬಂದ್ರ ತಿರುಗಿ ಬಂದ್ರೂ ಬರತಾವು. ತಪ್ಪಿ ಬ್ಯಾರೇದ ಕಿತ್ರ ಫೋನ ಸಾಯತೈತಿ. ಆಮ್ಯಾಲೆ ನನಗ ಬೈಬ್ಯಾಡ್ರಿ."

"ಹೆಣ್ಣ ಮುರೀದಂಗ ಗಂಡ ಕೀಳೂದ ನನ್ನ ದಂಧೆ. ನಡಿ, ಒಂದೊಂದ ಹೇಳು. ಇದು ಏನ ಮಾಡತೈತಿ?"

"ಇದು ಕಿತ್ರ ಫೋನ ಬರಂಗಿಲ್ಲ."

"ಇರಲಿ. ಇದು?"

"ಇಸ್ಪೀಟ್ರಿ."

"ಕೀಳು."

ಹತ್ತೊಂಬತ್ತು ಹೋದವು. ಮುಗೀತು ಎಂದು ಕೊಟ್ರೇಶ ಕೇಬಲ್ ಕಳಚಿದ. ಜಯವ್ವ ಫೋನನ್ನು ಕಣ್ಣ ಹತ್ತಿರ ಹಿಡಿದು ಒಂದೊಂದೇ ಹಾಳೆ ಸರಿಸಿದಳು. ಸಾಲ ಕೊಡುವವನು ಮೂಲೆಯಲ್ಲಿ ಹಲ್ಲು ಕಿರಿದುಕೊಂಡು ಕುಂತಿದ್ದ.

"ಇವ ಯಾಕ ಉಳದಾನ?"

"ಕಣ್ಣ ತಪ್ಪಿತ್ರಿ."

"ನಮ್ಮ ಪ್ಲಾಟಿನಾಗ ಕಣ್ಣ ತಪ್ಪಿದಾಕೀನ ಮರುದಿನ ಕರಿಯಂಗಿಲ್ಲ."

ಕೊಟ್ರೇಶ ಮತ್ತೆ ಕೇಬಲ್ ಹಚ್ಚಿದ.

ಗುರುವಾರ ಜಯವ್ವ ಹನ್ನೊಂದು ನಿಮಿಷ ವಿಡಿಯೋ ಹಿಡಿದಳು. ಅದರಲ್ಲಿ ಎಣ್ಣಿಯ ಡಬ್ಬಿ ಬಂತು, ಪಂಪು ಬಂತು, ಸೆರಗು ಬಾಯಿಗೆ ಒತ್ತಿಕೊಂಡ ಹೆಂಗಸರು ಬಂದರು, ಕೈ ಬೀಸಿ "ನಡೀಲಿ, ನಡೀಲಿ" ಎನ್ನುವ ಮಾಲತೇಶಪ್ಪನ ಮುಖವೂ ಬಂತು. ಫೋನು ಎಲ್ಲೂ ನಿಲ್ಲಲಿಲ್ಲ.

ಅವನು ನೋಡಿದ. "ಏ ಜಯವ್ವ, ಅಳಸು ಅದನ್ನ."

"ಅಳಸಾಕ ಬರಂಗಿಲ್ಲ, ಮಾಲತೇಶಪ್ಪಾರ. ಫೋನಿನ ಜೊತೀಗೇ ಬಂದೈತಿ."

ಶನಿವಾರ ಹಾವೇರಿಯಲ್ಲಿ ಅವನು, ಹೊಡೆದೇ ಇಲ್ಲ ಎಂದ. ಜಯವ್ವ ಫೋನನ್ನು ಸಾಹೇಬರ ಮೇಜಿನ ಮೇಲಿಟ್ಟಳು. ಅವರು ಎರಡು ನಿಮಿಷ ನೋಡಿ ಸಾಕು ಎಂದರು. ಇವಳು, "ಪೂರಾ ನೋಡ್ರಿ," ಎಂದು ಹನ್ನೊಂದೂ ನಿಮಿಷ ಅಲ್ಲೇ ನಿಂತಳು. ಸಾಹೇಬರ ಆದೇಶದಂತೆ ಈಗ ಹೆಂಗಸರು ಮನೆಗೆ ಹೋದ ಮೇಲೆ ಎಣ್ಣಿ ಹೊಡೆಯುತ್ತಾರೆ. ಶಿಲ್ಪಾ ಆ ಪ್ಲಾಟಿಗೆ ಮತ್ತೆ ಬರಲಿಲ್ಲ. ಮಾಲತೇಶಪ್ಪ ಜಯವ್ವನ ಜೊತೆ ಮಾತು ಬಿಟ್ಟಿದ್ದಾನೆ, ಅದರಿಂದ ಅವಳಿಗೆ ಕೆಲಸ ಇನ್ನೂ ಬೇಗ ಸಾಗುತ್ತದೆ.

ಮುಂದಿನ ತಿಂಗಳು ಅಪ್‌ಡೇಟ್ ಬಂತು. ಇಸ್ಪೀಟಿನವನು, ಸೀರೆಯವನು, ಸಾಲದವನು, ಮೂವರೂ ವಾಪಸ್ಸು. ಜಯವ್ವ ಮತ್ತೆ ರಾಣೆಬೆನ್ನೂರಿಗೆ ಹೋದಳು. ದೂರದಿಂದಲೇ ಅವಳನ್ನು ಕಂಡ ಕೊಟ್ರೇಶ ಕೇಬಲ್ ತೆಗೆದಿಟ್ಟ. ಆದರೂ ಅವಳು ಮೊದಲು ಗಿರಾಕಿಗಳು ಹತ್ತುವ ಆ ಮೆಟ್ಟಿಲ ಮೇಲೇ ಕುಂತಳು.