ಡ್ರಾಯಿಂಗ್ ಮೇಷ್ಟ್ರು ಮಾತಾಡಿಸಿದ ಮೂಕಿ ಚಿತ್ರಗಳು

ನಾನು ಕೆಲಸ ಮಾಡುವ ನಾಡಕಚೇರಿಯ ಹಳೇ ಪ್ರಿಂಟರ್ ಇವತ್ತು ಕಾದು ಕಾದು ಸುಟ್ಟ ಧೂಳಿನ ವಾಸನೆ ಬಿಟ್ಟಿತು. ಎದುರಿಗೆ ಕರಗದ ಸಾಲು, ಎಲ್ಲರ ಕೈಯಲ್ಲೂ ಅರ್ಜಿ. ನನಗೆ ಮಾತ್ರ ಚಿಕ್ಕಂದಿನಲ್ಲಿ ನಮ್ಮ ಸೊಕ್ಕೆಯ ಶಾಲೆಗೆ ಬರುತ್ತಿದ್ದ, ಇದೇ ವಾಸನೆಯ ಪ್ರೊಜೆಕ್ಟರ್ ನೆನಪಾಯಿತು, ಅದರ ಜೊತೆಗೆ ನಮ್ಮ ಡ್ರಾಯಿಂಗ್ ಮೇಷ್ಟ್ರೂ...

ಆಗೆಲ್ಲ ಯಾವುದಾದರೊಂದು ಶನಿವಾರ ಬೆಳಿಗ್ಗೆ ಜಗಳೂರಿನಿಂದ ಒಬ್ಬರು ಪ್ರೊಜೆಕ್ಟರ್ ತಂದು, ಮೇಷ್ಟ್ರಿಗೆ ಒಪ್ಪಿಸಿ, ಚಹಾ ಕುಡಿಯಲು ಹೋಗಿಬಿಡುತ್ತಿದ್ದರು. ಕಿಟಕಿಗಳಿಗೆ ಗೋಣಿಚೀಲ ಕಟ್ಟಿ ನಾವೇ ಕತ್ತಲು ಮಾಡುತ್ತಿದ್ದೆವು. ಬರುತ್ತಿದ್ದದ್ದು ಹಳೇ ಕಾಲದ ನಗೆಚಿತ್ರಗಳು, ಬಣ್ಣವಿಲ್ಲ, ಮಾತಿಲ್ಲ. ಮಾತು ಕೇಳದಿರುವುದಕ್ಕೆ ಪ್ರೊಜೆಕ್ಟರ್ ಕೆಟ್ಟಿರುವುದೇ ಕಾರಣವೆಂದು ಮೇಷ್ಟ್ರು ನಂಬಿದ್ದರು. ರಿಪೇರಿ ಮಾಡಿಸಿಕೊಡಿ ಎಂದು ಮೇಲಿನವರಿಗೆ ಮೂರು ಸಲ ಅರ್ಜಿಯನ್ನೂ ಬರೆದಿದ್ದರಂತೆ.

"ಮಿಷನ್ ಗಂಟ್ಲು ಕಟ್ಟೈತೆ ಕಣ್ರಪ್ಪ, ನಾನೇ ಹೇಳ್ತೀನಿ ಕೇಳ್ರಿ," ಎಂದು ಅವರು ಪರದೆಯ ಪಕ್ಕ ನಿಂತರೆ ಮುಗಿಯಿತು. ಏಣಿ ಹೊತ್ತ ಸಣಕಲನೊಬ್ಬ ತಿರುಗುವ ಭರಕ್ಕೆ ಅದು ಪೊಲೀಸನ ತಲೆಗೆ ಬಡಿದರೆ, "ಕಣ್ಣು ಮನ್ಯಾಗೆ ಇಟ್ಟು ಬಂದೀಯೇನ್ಲೇ?" ಎಂದು ಪೊಲೀಸನಾಗಿ ಗದರುವರು. "ತಪ್ಪಾತ್ರೀ ಸಾಹೇಬ್ರೆ, ನನಗೆ ಕಣ್ಣೈತೆ, ಏಣಿಗಿಲ್ಲ," ಎಂದು ಸಣಕಲನಾಗಿ ಅಳುವರು. ನಡುವೆ ಪರದೆ ತುಂಬ ಇಂಗ್ಲಿಷ್ ಅಕ್ಷರ ಬಂದಾಗ ಚೊಂಬೆತ್ತಿ ನೀರು ಕುಡಿಯುವರು. ತರಗತಿಯಲ್ಲಿ ಸದಾ ಸಿಡುಕು ಮೋರೆಯ ಮನುಷ್ಯ, ಅಲ್ಲಿ ಮೈಮೇಲೆ ದೇವರು ಬಂದವರಂತೆ ಆಗುತ್ತಿದ್ದರು. ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ನಾನೋ ಅತಿ ಜಾಣೆ. ರಜೆಯಲ್ಲಿ ಹೊನ್ನಾಳಿಯ ಸೋದರಮಾವನ ಮನೆಯಲ್ಲಿ ಹಳೇ ಪತ್ರಿಕೆಯೊಂದರಲ್ಲಿ ಇಂಥ ಚಿತ್ರಗಳ ಬಗ್ಗೆ ಓದಿ ಬಂದಿದ್ದೆ. ಮುಂದಿನ ಶನಿವಾರ ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಎದ್ದು ನಿಂತೆ.

"ಸಾರ್, ಮಿಷನ್ ಕೆಟ್ಟಿಲ್ರಿ. ಈ ಸಿನಿಮಾ ಮಾಡ್ದಾಗ್ಲೇ ಮಾತಿರಲಿಲ್ಲಂತೆ."

ಅವತ್ತು ಜಗಳೂರಿನವರು ಚಹಾಕ್ಕೆ ಹೋಗದೆ ಬಾಗಿಲಲ್ಲೇ ಇದ್ದರು. "ಹೌದ್ರಿ ಮೇಷ್ಟ್ರೇ, ಇವು ಮೂಕಿ ಚಿತ್ರ. ಇಷ್ಟು ದಿನ ಗೊತ್ತಿರ್ಲಿಲ್ವಾ?" ಎಂದು ನಕ್ಕರು. ಇಡೀ ತರಗತಿ ನಕ್ಕಿತು, ನಾನೂ ನಕ್ಕೆ.

ಮೇಷ್ಟ್ರು ಬಂದು ಹಿಂದಿನ ಬೆಂಚಿನಲ್ಲಿ ಕುಳಿತರು. ಆಮೇಲೆ ಎಷ್ಟೋ ಚಿತ್ರ ತೋರಿಸಿದರು. ಒಂದಕ್ಕೂ ತುಟಿ ಬಿಚ್ಚಲಿಲ್ಲ. ತಡೆಯಲಾರದೆ ಒಮ್ಮೆ ತಪ್ಪಾಯಿತೆನ್ನಲು ಹೋದೆ. "ಬಿಡವ್ವ, ಇದ್ದದ್ದು ಹೇಳಿದಿ. ನಾನೇ ಸುಮ್ನೆ ಅಡ್ಡ ಬಾಯಿ ಹಾಕ್ತಿದ್ದೆ," ಎಂದರು. ಅವರು ತೀರಿಕೊಂಡ ಸುದ್ದಿ ಕೆಲಸಕ್ಕೆಂದು ನ್ಯಾಮತಿಗೆ ಬಂದಿದ್ದ ನನಗೆ ತಲುಪುವಷ್ಟರಲ್ಲಿ ತಿಂಗಳುಗಳೇ ಕಳೆದಿದ್ದವು...

ಈಗ ಆ ಚಿತ್ರಗಳೆಲ್ಲ ಮೊಬೈಲಿನಲ್ಲೇ ಸಿಗುತ್ತವೆ, ಗೀರು ಒರೆಸಿ, ಸಂಗೀತ ಸೇರಿಸಿ. ಬೀಳುವ ಮುಂಚೆ ಸಣಕಲ ಅರೆಕ್ಷಣ ಏನೂ ಆಗದವನಂತೆ ನಿಲ್ಲುತ್ತಾನಲ್ಲ, ಆ ನಿಲುವಿನಲ್ಲೇ ನಗು ಇರುವುದು ಎಂದು ಈ ವಯಸ್ಸಿಗೆ ಅರ್ಥವಾಗಿದೆ. ಮಾತು ಬೇಕಿಲ್ಲವೆಂಬುದೂ ನಿಜ. ಮೆಚ್ಚುತ್ತೇನೆ, ನಗಲು ಮಾತ್ರ ಆಗುವುದಿಲ್ಲ.

ಇವತ್ತು ಸುಸ್ತಾಗಿ ಮನೆಗೆ ಬಂದವಳು ಮಗಳನ್ನು ಪಕ್ಕ ಕೂರಿಸಿಕೊಂಡು ಒಂದು ಚಿತ್ರ ಹಾಕಿದೆ. ಮೇಷ್ಟ್ರ ದನಿಯನ್ನು ನೆನಪಿಸಿಕೊಂಡು ನಾನೇ ಮಾತು ಶುರುಮಾಡಿದೆ. ಅವಳು ಎರಡು ನಿಮಿಷ ತಾಳಿದಳು.

"ಸುಮ್ನಿರಮ್ಮ, ನಂಗೆ ಕಾಣಿಸ್ತೈತೆ."

ಸುಮ್ಮನಾದೆ. ಅವಳು ತನ್ನ ಪಾಡಿಗೆ ಬಿದ್ದು ಬಿದ್ದು ನಗುತ್ತಿದ್ದಳು. ಹಿಂದಿನ ಬೆಂಚಿನಲ್ಲಿ ಮೇಷ್ಟ್ರಿಗೆ ಹೇಗಾಗಿತ್ತೆಂದು ಇಷ್ಟು ವರ್ಷದ ಮೇಲೆ ಗೊತ್ತಾಯಿತು. ಹೇಳಿಕೊಳ್ಳೋಣವೆಂದರೆ ಅವರಿಲ್ಲ. ಎದ್ದು ಅನ್ನಕ್ಕಿಡಲು ಹೋದೆ.