ಒಳಲೆಯ ತುಂಬ ಹರಳೆಣ್ಣೆ

ಮೊನ್ನೆ ಸೊಸೆ ಮಗುವಿನ ನೆತ್ತಿಗೆಂದು ಹರಳೆಣ್ಣೆ ತಂದು ಮುಚ್ಚಳ ತೆಗೆದಳು. ಆ ಜಿಡ್ಡು ವಾಸನೆ ಮೂಗಿಗೆ ಬಡಿದದ್ದೇ ತಡ, ಎದುರುಮನೆ ಚಿಕ್ಕಮ್ಮ ನೆನಪಾದರು...

ಐವತ್ತರ ದಶಕದ ಹೊಸಹಳ್ಳಿ. ಚಿಕ್ಕಮ್ಮನ ಗಂಡ ಮಿಲ್ಲಿಗೆ ಹೋಗುತ್ತಿದ್ದರು. ಚಿಕ್ಕಮ್ಮನಿಗೆ ಮದುವೆಯಾದಾಗಿನಿಂದ ರಕ್ತಭೇದಿ. ಬರುತ್ತಿತ್ತು, ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ತಂಬಿಗೆ ಹಿಡಿದು ಹೊಲದ ಕಡೆ ಓಡುವ ಅವರನ್ನು ಕಂಡು ಕೇರಿಯ ಹೆಂಗಸರು ಮುಸಿಮುಸಿ ನಗುತ್ತಿದ್ದರು. ಅವರ ಬಾಯಿಗಿಷ್ಟು ಮಣ್ಣು ಹಾಕ.

ಅದೊಂದು ವರ್ಷ ಭೇದಿ ತಾನಾಗಿಯೇ ನಿಂತುಹೋಯಿತು. ವಾಸಿಯಾಯಿತೆಂದು ನಮ್ಮಜ್ಜಿ ದೇವರಿಗೆ ಹಣ್ಣುಕಾಯಿ ಮಾಡಿಸಿದಳು. ಚಿಕ್ಕಮ್ಮ ಮಾತ್ರ ನಗಲಿಲ್ಲ. ಅವರ ತಟ್ಟೆಯ ಮುದ್ದೆ ದಿನೇದಿನೇ ಚಿಕ್ಕದಾಯಿತು, ಕಿತ್ತಳೆಯಷ್ಟು, ನಿಂಬೆಯಷ್ಟು... ಆಮೇಲೆ ಬರೀ ಅಂಬಲಿ. ಕುಡಿದರೆ ಹೊಟ್ಟೆ ಉಬ್ಬಿ, ಒಳಗಿನ ಗುಳುಗುಳು ಸದ್ದು ಪಕ್ಕದಲ್ಲಿ ಕೂತ ನನಗೂ ಕೇಳುತ್ತಿತ್ತು. ಸದ್ದು ಹರಿದು ಬಂದು ಒಂದೇ ಜಾಗದಲ್ಲಿ ತಟಕ್ಕನೆ ನಿಲ್ಲುತ್ತಿತ್ತು. ಆಗ ಚಿಕ್ಕಮ್ಮ ಸೆರಗನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದರು.

ಕೇರಿಯಲ್ಲಿ ಯಾರ ಹೊಟ್ಟೆ ಕಟ್ಟಿದರೂ ನಮ್ಮಜ್ಜಿಯದೇ ಮದ್ದು. ಮಕ್ಕಳನ್ನು ಕಾಲಮೇಲೆ ಅದುಮಿ ಮಲಗಿಸಿಕೊಂಡು, ಹಾಲು ಕುಡಿಸುವ ಒಳಲೆಯಲ್ಲೇ ಹರಳೆಣ್ಣೆ ಹುಯ್ಯುವುದರಲ್ಲಿ ಎತ್ತಿದ ಕೈ. ಒಂದು ಬೆಳಗ್ಗೆ ಚಿಕ್ಕಮ್ಮ ವಾಂತಿ ಮಾಡುತ್ತಿದ್ದಾರೆ, ಹೊಟ್ಟೆ ಕಲ್ಲಾಗಿದೆ, ಗಾಳಿಯೂ ಹೋಗುತ್ತಿಲ್ಲ ಎಂದು ತಿಳಿದದ್ದೇ ಒಳಲೆ ಹಿಡಿದು ಹೊರಟಳು. ನಾನೂ ಹಿಂದೆ ಹೋದೆ.

“ಬೇಡ ಅಮ್ಮಾ. ಒಳಗೆ ದಾರೀನೇ ಇಲ್ಲ, ಎಣ್ಣೆ ಎಲ್ಲಿಗೆ ಹೋಗುತ್ತೆ?” ಎಂದರು ಚಿಕ್ಕಮ್ಮ.

“ಎಣ್ಣೇನೇ ದಾರಿ ಮಾಡ್ಕೊಳ್ಳುತ್ತೆ. ಕುಡಿಯೇ, ನನ್ನ ತಾಯಿ,” ಎಂದಳು ಅಜ್ಜಿ. ಹೆತ್ತ ಮಗಳಿಗೆ ಕುಡಿಸುವಷ್ಟೇ ಅಕ್ಕರೆಯಿಂದ ಕುಡಿಸಿದಳು.

ಮಧ್ಯಾಹ್ನದ ಹೊತ್ತಿಗೆ ಚಿಕ್ಕಮ್ಮನ ಕೂಗು ಕೇರಿಗೆಲ್ಲ ಕೇಳಿತು. ಗಾಡಿ ಕಟ್ಟಿಕೊಂಡು ದೊಡ್ಡಾಸ್ಪತ್ರೆಗೆ ಒಯ್ದರು. ಸಂಜೆ ಗಾಡಿ ಮರಳಿದಾಗ ಕೂಗು ಇರಲಿಲ್ಲ. ಡಾಕ್ಟರು ಹೇಳಿದ ಪ್ರಕಾರ, ಹಳೆಯ ಹುಣ್ಣು ಮಾಯುತ್ತ ಮಾಯುತ್ತ ಕರುಳು ಗಟ್ಟಿಯಾಗಿ, ಬರಬರುತ್ತ ಕಿರಿದಾಗಿತ್ತಂತೆ. ಎಣ್ಣೆಯ ಒತ್ತಡಕ್ಕೆ ಅದು ಒಡೆದಿತ್ತಂತೆ. ವಾಸಿಯಾಯಿತೆಂದು ನಾವು ಹಣ್ಣುಕಾಯಿ ಮಾಡಿಸಿದ್ದು ಅದಕ್ಕೇ...

ಅಜ್ಜಿ ಆಮೇಲೆ ಒಳಲೆ ಮುಟ್ಟಲಿಲ್ಲ. ಯಾರೂ ಅವಳನ್ನು ಬೈಯಲಿಲ್ಲ. ಬೈಯುವುದಕ್ಕೆ ಯಾರ ಮನೆಯಲ್ಲಿ ಹರಳೆಣ್ಣೆ ಇರಲಿಲ್ಲ?

“ಅತ್ತೆ, ಮಗು ನಿನ್ನೆಯಿಂದ ಕಕ್ಕ ಮಾಡಿಲ್ಲ, ಹೊಟ್ಟೆ ಉಬ್ಬಿದೆ. ಒಂದು ಚಮಚ ಕುಡಿಸ್ಲಾ?” ಎಂದಳು ಸೊಸೆ.

ಅವಳ ಕೈಯಿಂದ ಸೀಸೆ ಕಿತ್ತುಕೊಂಡೆ. “ಮೊದ್ಲು ಡಾಕ್ಟ್ರಿಗೆ ತೋರ್ಸು,” ಎಂದೆ.

ಇಷ್ಟು ಮಾತು ಆಡುವವರು ಆವತ್ತು ನಮ್ಮ ಕೇರಿಯಲ್ಲಿ ಒಬ್ಬರೂ ಇರಲಿಲ್ಲ.