ಡಾಕ್ಟರ ಊಟದ ಸರದಿ

ಆರೋಗ್ಯವಂತರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಪತ್ರಿಕೆಯ ಬಾತ್ಮೀದಾರನಿಗೆ ಇಂಥ ಪಕ್ಷಪಾತ ಸಲ್ಲದು, ನಿಜ. ಆದರೆ ಮಳೆಗಾಲ ಹಿಂದಾಗುತ್ತಲೇ ಚಳಿಜ್ವರ ಹತ್ತಿ, ಮನೆಯ ಕಂಬಳಿಗಳನ್ನೆಲ್ಲ ಹೊದ್ದು ಹಲ್ಲು ಕಟಕಟಿಸುವವನ ಎದುರು ಕುಳಿತು "ಜ್ವರ ಅಂದ್ರೆ ಎಂತದು ಅಂತ್ಲೇ ನಂಗೊತ್ತಿಲ್ಲ" ಎನ್ನುವ ಮನುಷ್ಯನ ಬಗ್ಗೆ ನಿಷ್ಪಕ್ಷಪಾತ ವರದಿ ಬರೆಯುವುದು ಕಷ್ಟ. ಪ್ರಯತ್ನಿಸುತ್ತೇನೆ.

ಆ ಮನುಷ್ಯ ನಮ್ಮೂರಿನ ಮಂಜಪ್ಪಗೌಡರು. ನಮ್ಮೂರು ಇರುವುದು ನಿಟ್ಟೂರಿನಿಂದಲೂ ಒಳಗೆ. ರೋಗಿಯನ್ನು ಗಾಡಿಯಲ್ಲಿ ಹೊಸನಗರದ ಆಸ್ಪತ್ರೆಗೆ ಸಾಗಿಸಿದರೆ, ರಸ್ತೆಯ ಕುಲುಕಾಟಕ್ಕೆ ಹೆದರಿ ಜ್ವರ ಇಳಿಯುತ್ತಿತ್ತು. ಬದಲಿಗೆ ಸೊಂಟನೋವು ಹತ್ತಿಕೊಳ್ಳುತ್ತಿತ್ತು. ಇದನ್ನು ಮನಗಂಡ ಅಮಲ್ದಾರರು ಒಂದು ಏರ್ಪಾಡು ಮಾಡಿದರು. ಡಾಕ್ಟರನ್ನೂ ಚಳಿಜ್ವರದ ಔಷಧಿ ಕ್ವಿನೈನನ್ನೂ ಸರ್ಕಾರ ಕೊಡುವುದು, ಡಾಕ್ಟರಿಗೆ ಊಟ ಊರಿನವರು ಕೊಡುವುದು. ದಿನಕ್ಕೊಂದು ಮನೆಯ ಸರದಿ. ಕಾಯಿಲೆ ಇರಲಿ, ಬಿಡಲಿ, ಪ್ರತಿಮನೆಯೂ ಕಡ್ಡಾಯವಾಗಿ ಬಡಿಸಬೇಕು. ಒಂದು ಮನೆ ತಪ್ಪಿಸಿಕೊಂಡರೂ ಡಾಕ್ಟರು ಬೇರೆ ಊರಿಗೆ ಹೋಗುತ್ತಾರೆ.

ಪಟೇಲರ ಜಗಲಿಯಲ್ಲಿ ಸಭೆ ಸೇರಿದಾಗ ಮಂಜಪ್ಪಗೌಡರು ಎದ್ದು ನಿಂತರು.

"ಜ್ವರ ಬರೋರು ಬಡಿಸ್ಲಿ. ನಾನೆಂತಕ್ಕೆ ಬಡಿಸ್ಬೇಕು?"

"ನಾಳೆ ನಿಮ್ಗೂ ಬಂದ್ರೆ?" ಎಂದರು ಪಟೇಲರು.

"ಬಂದಾಗ ಬಡಿಸ್ತೀನಿ."

"ಆಗ ಬಡಿಸೋಕೆ ಡಾಕ್ಟ್ರು ಇಲ್ಲಿರ್ಬೇಕಲ್ಲ ಮಾರಾಯ್ರೆ! ನಿಮ್ಮನ್ನ ಬಿಟ್ರೆ ನೋಡಿ, ಸಂಜೆಯೊಳಗೆ ಅರ್ಧ ಊರಿಗೆ ಆರೋಗ್ಯ ಬಂದ್ಬಿಡುತ್ತೆ."

ಪಟೇಲರ ಅಂದಾಜು ಸರಿಯಾಗಿತ್ತು. ಅಲ್ಲಿಯವರೆಗೆ ಕೆಮ್ಮುತ್ತಿದ್ದ ಒಬ್ಬರು ಕೆಮ್ಮು ನಿಲ್ಲಿಸಿ ಎದೆ ಸೆಟೆಸಿ ಕುಳಿತದ್ದನ್ನು ನಾನೇ ನೋಡಿದೆ.

ಈ ತಕರಾರು ಹೊಸದೇನಲ್ಲ. ಅರಸರ ಕಾಲದಲ್ಲಿ ಪಕ್ಕದ ನಗರವೆಂಬ ಊರಿನ ಕೋಟೆಗೆ ಕಲ್ಲು ಹೊರುವಾಗಲೂ "ನನ್ನ ಮನೆಗೆ ಶತ್ರು ಬಂದೇ ಇಲ್ಲ, ನಾನ್ಯಾಕೆ ಹೊರಲಿ" ಎಂದವನೊಬ್ಬ ಇದ್ದೇ ಇದ್ದಿರಬೇಕು. ಇತಿಹಾಸಕಾರರು ಅವನ ಹೆಸರು ಬರೆದಿಟ್ಟಿಲ್ಲ. ಆ ಕಾಲದಲ್ಲಿ ಬಾತ್ಮೀದಾರರಿರಲಿಲ್ಲ.

ಸಭೆಗೆ ಬಂದಿದ್ದ ಅಮಲ್ದಾರರು ತಾಳ್ಮೆಯವರು. ಗೌಡರಿಗೆ ಜ್ವರ ಬರುವುದಿಲ್ಲವೆಂದು ಡಾಕ್ಟರೇ ಹೇಳಿದರೆ ಸರದಿಯಿಂದ ಬಿಡುತ್ತೇನೆಂದರು. ಮೈಸೂರು ಕಡೆಯಿಂದ ಬಂದಿದ್ದ ತೆಳ್ಳನೆಯ ಡಾಕ್ಟರು ಗೌಡರ ನಾಡಿ ಹಿಡಿದರು, ನಾಲಿಗೆ ನೋಡಿದರು, ಬೆನ್ನು ಬಡಿದರು.

"ಇವತ್ತು ಗಟ್ಟಿಯಾಗಿದ್ದೀರಿ. ನಾಳೆಯದನ್ನ ನಾಳೆ ನೋಡಿ ಹೇಳ್ತೀನಿ."

"ನಾಡಿದ್ದಿಂದು?"

"ನಾಡಿದ್ದು ನೋಡಿ."

"ಹಾಗಾರೆ ಗೌಡ್ರಿಗೆ ಜ್ವರ ಇಲ್ಲ ಅನ್ನೋಕೆ ದಿನಾ ಡಾಕ್ಟ್ರು ಬೇಕು!" ಎಂದರು ಪಟೇಲರು. "ನಮಗೆ ಜ್ವರ ಬಂದಾಗ ಮಾತ್ರ ಸಾಕು."

ಗೌಡರು ಮುಂಡಾಸು ಕೊಡವಿಕೊಂಡು ಹೊರಟೇ ಹೋದರು. ಅವರ ಸರದಿಯನ್ನು ಕೊನೆಗೆ ಹಾಕಿ, ಅಷ್ಟರೊಳಗೆ ಮನಸ್ಸು ಮಾಡಲಿ ಎಂದು ಊರು ಕಾಯಿತು.

ಏರ್ಪಾಡು ಶುರುವಾದ ಮೇಲೆ ಯಾರೂ ಎಣಿಸದ ಎರಡು ತೊಡಕು ಕಂಡವು. ಊಟ ಹಾಕಿದ ದಿನ ಔಷಧಿ ತೆಗೆದುಕೊಳ್ಳದಿದ್ದರೆ ಊಟ ದಂಡವಾಯಿತೆಂದು ಪ್ರತಿಮನೆಯೂ ಭಾವಿಸಿತು. ಹುಷಾರಾಗಿದ್ದ ಅಜ್ಜಿಯರನ್ನು ಎಬ್ಬಿಸಿ ತಂದು ಮಲಗಿಸಿದರು. ನಮ್ಮ ಮನೆಯಲ್ಲಿ ಯಾರಿಗೂ ಏನೂ ಇಲ್ಲದೆ, ನಾನೇ ಕ್ವಿನೈನ್ ನುಂಗಿ ಮನೆಯ ಮರ್ಯಾದೆ ಉಳಿಸಿದೆ. ಎರಡನೆಯದು ನಮ್ಮ ಸೀಮೆಯ ಉಪಚಾರ. ಸಾಕು ಎಂದವರಿಗೇ ಇನ್ನೊಮ್ಮೆ ಬಡಿಸುವುದು ಇಲ್ಲಿನ ಕ್ರಮ. ನಿನ್ನೆಯ ಮನೆಯವರು ಕಡುಬು ಮಾಡಿದರೆಂದು ತಿಳಿದು ಇವತ್ತಿನವರು ಕಡುಬಿನ ಜೊತೆ ಪತ್ರೊಡೆ ಮಾಡುತ್ತಿದ್ದರು. ರೋಗಿಗಳಿಗೆ ಪಥ್ಯ ಹೇಳುತ್ತ ಡಾಕ್ಟರು ಮಾತ್ರ ದಿನೇದಿನೇ ದುಂಡಗಾದರು.

ದುಂಡಗಾದವರನ್ನೂ ಚಳಿಜ್ವರ ಬಿಡುವುದಿಲ್ಲ. ಒಂದು ದಿನ ಡಾಕ್ಟರೇ ಮಲಗಿದರು. ಅದೇ ವಾರ ಊರೂ ಮಲಗಿತು. ಸರದಿಯ ಮನೆಯಲ್ಲಿ ಒಲೆ ಹಚ್ಚುವವರೇ ಇಲ್ಲ. ಮುಂದಿನ ಮನೆಯಲ್ಲಿಯೂ ಇಲ್ಲ. ಊಟ ತಪ್ಪಿದರೆ ಡಾಕ್ಟರು ಹೋದಂತೆಯೇ, ಅದೂ ಇಂಥ ಹೊತ್ತಿನಲ್ಲಿ. ನಾನು ಕಂಬಳಿಯೊಳಗಿನಿಂದಲೇ ಈ ಸುದ್ದಿಯ ತಲೆಬರಹ ಯೋಚಿಸುತ್ತಿದ್ದಾಗ, ಡಾಕ್ಟರ ಬಿಡಾರದ ಕಡೆ ಯಾರೋ ತಪ್ಪಲೆ ಹಿಡಿದು ಹೋಗುವುದು ಕಿಟಕಿಯಲ್ಲಿ ಕಂಡಿತು. ಮಂಜಪ್ಪಗೌಡರು!

"ಸರದಿಗೆ ಬಂದ್ರಾ ಗೌಡ್ರೆ?" ಎಂದು ಕೂಗಿದೆ.

"ಸರದಿಯಲ್ಲ, ಗಂಜಿ!" ಎಂದು ತಿರುಗಿ ಗದರಿದರು. "ಮಲಗಿದೋರಿಗೆ ಗಂಜಿ ಕೊಡೋಕೆ ಅಮಲ್ದಾರ್ರು ಹೇಳ್ಬೇಕಾ? ನಿಮ್ಗೂ ಬೇಕಾರೆ ಬಾಯಿ ಮುಚ್ಕಂಡು ಪಾತ್ರೆ ಹೊರಗಿಡಿ."

ಇಟ್ಟೆ. ಸುದ್ದಿಯ ಮೂಲದಿಂದ ಏನನ್ನೂ ಸ್ವೀಕರಿಸಬಾರದೆಂಬ ನಿಯಮವನ್ನು ಜ್ವರ ಇಳಿದ ಮೇಲೆ ನೆನಪಿಸಿಕೊಂಡೆ.

ಊರು ಎದ್ದು ಕೂರುವವರೆಗೂ ಗೌಡರು ಎಲ್ಲರ ಸರದಿಯನ್ನೂ ತಾವೇ ನಡೆಸಿದರು, ಒಂದನ್ನೂ ಸರದಿಯೆಂದು ಒಪ್ಪದೆ. ಡಾಕ್ಟರು ಉಳಿದರು. ಮತ್ತೆ ಸಭೆ ಸೇರಿದಾಗ, ಗೌಡರನ್ನು ಇನ್ನು ಒತ್ತಾಯಿಸುವುದು ಬೇಡ, ಅವರನ್ನು ಬಿಟ್ಟುಬಿಡೋಣ ಎಂದು ಪಟೇಲರೇ ಸೂಚಿಸಿದರು. ಗೌಡರಿಗೆ ಸಿಟ್ಟು ಬಂತು.

"ಬಿಡೋದೆಂತಕ್ಕೆ? ನಿಮ್ಮ ಏರ್ಪಾಡು ನಿಂತಿರೋದೇ ಜ್ವರ ಬರ್ದೇ ಇರೋನ ಮೇಲೆ. ನನ್ನ ಮನೆ ಸರದಿ ಮೊದ್ಲು ಹಾಕಿ."

ಕಡ್ಡಾಯವೆಂದಾಗ ಬಾಗಿಲು ಹಾಕಿಕೊಂಡವರು, ವಿನಾಯಿತಿ ಎಂದಾಗ ಎಲೆ ಹಾಕಿದರು! ಸರ್ಕಾರಗಳಿಗೆ ಮನುಷ್ಯನ ಈ ಗುಣ ತಿಳಿದಿದ್ದರೆ ಕಂದಾಯ ವಸೂಲಿಗೆ ಇಷ್ಟು ಜನ ಬೇಕಾಗುತ್ತಿರಲಿಲ್ಲ.

"ಅವರೆಂತಕ್ಕೆ ಮೊದ್ಲು?" ಎಂದು ಮೂಲೆಯಿಂದ ಒಬ್ಬರು ಎದ್ದರು. "ನಾವೇನು ಬಡಿಸ್ದೇ ಇದ್ದೋರಾ?" ಎಂದು ಇನ್ನೊಬ್ಬರು. ಬಡಿಸಬಾರದೆಂದು ಹುಟ್ಟಿದ ಚರ್ಚೆ ಮೊದಲು ಬಡಿಸುವವರು ಯಾರೆಂಬಲ್ಲಿಗೆ ಬಂದು ಜೋರಾಯಿತು. ಎಲ್ಲರೂ ಒಂದೇ ದಿನ ಬಡಿಸುವುದೆಂಬ ರಾಜಿಸೂತ್ರ ಹೊರಟಾಗ, ಸಭೆಯಲ್ಲಿದ್ದ ಡಾಕ್ಟರು ಮೊದಲ ಬಾರಿಗೆ ವರ್ಗಾವಣೆಯ ಮಾತೆತ್ತಿದರು.